ಮ್ಯಾನ್ಮಾರ್‌ಗೂ ಬಂಟ್ವಾಳಕ್ಕೂ ಎಂತ ಸಂಬಂಧ ಮಾರಾಯ್ರೆ?

ಸೆಪ್ಟೆಂಬರ್ 15. ವಿಶ್ವಸಂಸ್ಥೆ 2007ರಲ್ಲಿ ಗೊತ್ತುಮಾಡಿದ ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನ. ಅವತ್ತು ರಾತ್ರಿಯ ಕಾರ್ಯಕ್ರಮದಲ್ಲಿ ನಾನು ಮ್ಯಾನ್ಮಾರ್ ಬಗ್ಗೆ ಮಾತಾಡ್ತಾ ಇದ್ದೆ. 2020ರ ನವೆಂಬರ್‌ನಲ್ಲಿ ಅಲ್ಲಿನ ಜನ ವೋಟು ಹಾಕಿದರು. 2021ರ ಫೆಬ್ರವರಿ 1ರಂದು ಸೇನೆ ಆ ವೋಟನ್ನೆಲ್ಲ ಕಸದಬುಟ್ಟಿಗೆ ಹಾಕಿ ಅಧಿಕಾರ ಕಿತ್ತುಕೊಂಡಿತು. ಅಲ್ಲಿಂದ ಶುರುವಾದ ಅಂತರ್ಯುದ್ಧ ಊರೂರನ್ನು ಸುಟ್ಟಿತು. ಇದನ್ನೆಲ್ಲ ನಕ್ಷೆ ತೋರಿಸಿ ವಿವರಿಸುತ್ತಿದ್ದೆ.

ಬಿ.ಸಿ. ರೋಡಿನಿಂದ ಒಬ್ಬ ವೀಕ್ಷಕರ ಫೋನ್ ಬಂತು. "ಅಲ್ಲ ಮಾರಾಯ್ರೆ, ಮ್ಯಾನ್ಮಾರ್‌ಗೂ ನಮ್ಮ ಬಂಟ್ವಾಳಕ್ಕೂ ಎಂತ ಸಂಬಂಧ? ಇಲ್ಲಿ ರಸ್ತೆ ಗುಂಡಿ ಮುಚ್ಚಿಸ್ಲಿಕ್ಕೆ ಆಗುದಿಲ್ಲ, ನೀವು ಜಗತ್ತಿಗೆಲ್ಲ ಶಾಂತಿ ಬೇಕು, ಪ್ರಜಾಪ್ರಭುತ್ವ ಬೇಕು ಅಂತ ಹೇಳ್ತಾ ಕೂತಿದ್ದೀರಿ."

ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಬ್ರೇಕ್ ಬಂತು, ಉತ್ತರ ಕೊಡುವುದು ತಪ್ಪಿಹೋಯಿತು. ಆದರೆ ಆ ಪ್ರಶ್ನೆ ಬಿಡಲಿಲ್ಲ. ಯಾಕಂದ್ರೆ ನಾನೂ ಅದೇ ತಾಲೂಕಿನವನು. ಸಂಬಂಧ ಉಂಟು ಸ್ವಾಮಿ, ಬಹಳ ಉಂಟು. ಅವತ್ತು ಹೇಳಲಾಗದ ಉತ್ತರವನ್ನು ಇಲ್ಲಿ ಹೇಳ್ತೇನೆ. ಮ್ಯಾನ್ಮಾರ್‌ನಿಂದ ಅಲ್ಲ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದಲೇ ಶುರು ಮಾಡೋಣ.

ಈ ಮೂರೂ ತಾಲೂಕು ಒಂದು ಕಾಲಕ್ಕೆ ಸಣ್ಣ ಸಣ್ಣ ಅರಸರ ನೆಲ. ಮೂಡುಬಿದಿರೆಯಲ್ಲಿ ಚೌಟರು. ಬೆಳ್ತಂಗಡಿಯ ಬಂಗಾಡಿಯಲ್ಲೂ, ಬಂಟ್ವಾಳದ ನಂದಾವರದಲ್ಲೂ ಬಂಗರು. ವೇಣೂರಿನಲ್ಲಿ ಅಜಿಲರು. ಶಾಂತಿ ಇದ್ದಾಗ ಈ ನೆಲ ಏನು ಮಾಡಬಲ್ಲದು ಅನ್ನೋದಕ್ಕೆ ಸಾಕ್ಷಿ ಮೂಡುಬಿದಿರೆಯಲ್ಲೇ ನಿಂತಿದೆ. ಸಾವಿರ ಕಂಬದ ಬಸದಿ, 1430ರ ಹೊತ್ತಿನದ್ದು. ಆಗ ವಿಜಯನಗರದ ಎರಡನೇ ದೇವರಾಯನ ಕಾಲ. ವ್ಯಾಪಾರಿಗಳು ದಾರಿಯಲ್ಲಿ ನಿರ್ಭಯವಾಗಿ ಓಡಾಡಬೇಕು, ಸಂತೆ ನಡೆಯಬೇಕು, ಫಸಲು ಕೈಗೆ ಬರಬೇಕು. ಆಗಷ್ಟೇ ಅಂಥ ಕಂಬಗಳನ್ನು ಕೆತ್ತಿಸುವಷ್ಟು ದುಡ್ಡು ಒಂದು ಊರಿನಲ್ಲಿ ಸೇರುತ್ತದೆ.

ಶಾಂತಿ ಮುರಿದಾಗ ಏನಾಗುತ್ತದೆ ಅನ್ನುವುದಕ್ಕೂ ಇದೇ ಅರಸರ ಕಥೆ ಇದೆ. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಮಂಗಳೂರು ಕಡೆ ಬಂದಿದ್ದ. ಚೌಟ ಮನೆತನದ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿಟ್ಟ. ರಾಣಿಗೂ ಬಂಗರಸನಿಗೂ ಮದುವೆಯಾಗಿತ್ತು, ಅದು ಮುರಿದುಬಿತ್ತು. ಗಂಡ ಹೆಂಡತಿ ಜಗಳ ಅಂದ್ರೆ ನಮ್ಮಲ್ಲಿ ಹಿರಿಯರು ಕೂತು ಪಂಚಾತಿಗೆ ಮಾಡ್ತಾರೆ. ಆದರೆ ಅರಸರ ಜಗಳಕ್ಕೆ ಪಂಚಾತಿಗೆ ಎಲ್ಲಿ? ಬಂಗ ಪೋರ್ಚುಗೀಸರ ಬೆಂಬಲ ಹಿಡಿದ. ರಾಣಿ ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ಪಡೆದಳು. ಕೊನೆಗೆ ಬಂಗ ರಾಜ್ಯ ಕಳೆದುಕೊಂಡು ಕಾಸರಗೋಡಿನ ಕಡೆ ಹೋದ. ಗೆದ್ದ ಕಡೆಯೂ ಇಕ್ಕೇರಿಯ ನೆರಳಿಗೆ ಸಿಕ್ಕಿತು. ಮನೆಯೊಳಗಿನ ಜಗಳ ತೀರಿಸಲು ಜಾಗ ಇಲ್ಲದಿದ್ದರೆ ಹೊರಗಿನವನು ಕತ್ತಿ ಹಿಡಿದು ಒಳಗೆ ಬರುತ್ತಾನೆ. ಇದು 1623ರ ಉಳ್ಳಾಲಕ್ಕೂ ನಿಜ, ಇವತ್ತಿನ ಸಿರಿಯಾ, ಯೆಮನ್‌ಗೂ ನಿಜ.

ಇನ್ನೂರು ವರ್ಷ ಮುಂದೆ ಬನ್ನಿ. ಕಂಪೆನಿ ಸರ್ಕಾರದ ಕಾಲ. 1830-31ರಲ್ಲಿ ಕೆನರಾ ಜಿಲ್ಲೆಯ ರೈತರು ಒಂದು ಕೆಲಸ ಮಾಡಿದರು. ಶಾಲಾ ಪುಸ್ತಕಗಳಲ್ಲಿ ಇದು ಸಿಗುವುದು ಅಪರೂಪ. ಅವರು 'ಕೂಟ' ಸೇರಿದರು. ಬೆಲೆ ಬಿದ್ದಿದೆ, ಬೆಳೆ ಹಾಳಾಗಿದೆ, ತೀರುವೆ ಕಟ್ಟಲು ಆಗುವುದಿಲ್ಲ, ಮಾಫಿ ಮಾಡಿ ಅಂತ ಕಲೆಕ್ಟರಿಗೆ ಅರ್ಜಿ ಕೊಟ್ಟರು. ಬಂಟ್ವಾಳ, ವಿಟ್ಲ, ಉಪ್ಪಿನಂಗಡಿ, ಮುಲ್ಕಿ, ಮಂಜೇಶ್ವರ ಹೀಗೆ ಕೂಟಗಳು ನಡೆದವು. ಕೊನೆಗೆ ಕದ್ರಿಯಲ್ಲಿ ಒಂದು ಮಹಾಕೂಟವೇ ಸೇರಿತು. ಕೈಯಲ್ಲಿ ಆಯುಧ ಇಲ್ಲ, ಇದ್ದದ್ದು ಅರ್ಜಿ. ಗಾಂಧೀಜಿ ಹುಟ್ಟುವುದಕ್ಕೆ ಇನ್ನೂ 38 ವರ್ಷ ಇತ್ತು, ನೋಡಿ!

ಆದರೆ ಆ ಅರ್ಜಿ ಓದಬೇಕಾದವನು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಅವನನ್ನು ಕಳಿಸಿದ ಕಂಪೆನಿಯ ಷೇರುದಾರರು ಲಂಡನ್ನಿನಲ್ಲಿದ್ದರು. ಬಂಟ್ವಾಳದ ರೈತ ಸಿಟ್ಟಾದರೆ ಅವರ ಕುರ್ಚಿ ಅಲುಗಾಡುತ್ತಿರಲಿಲ್ಲ.

1834ರಲ್ಲಿ ಕೊಡಗು ಕಂಪೆನಿಯ ವಶವಾಯಿತು. ಅಮರ ಸುಳ್ಯದ ಸೀಮೆಯನ್ನು ಕೆನರಾಕ್ಕೆ ಸೇರಿಸಿದರು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕಟ್ಟಬೇಕು ಅಂದರು. 1837ರ ಏಪ್ರಿಲ್‌ನಲ್ಲಿ ದಂಗೆ ಎದ್ದಿತು. ನಮ್ಮ ಕಡೆ ಹಿರಿಯರು ಅದನ್ನು ಕಲ್ಯಾಣಪ್ಪನ ಕಾಟಕಾಯಿ ಅಂತಾರೆ. ದಂಡು ಸುಳ್ಯದಿಂದ ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿ ಮಂಗಳೂರು ಸೇರಿತು. ನಂದಾವರದ ಲಕ್ಷ್ಮಪ್ಪ ಬಂಗರಸರು ಜೊತೆಯಾದರು. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಕಂಪೆನಿಯ ಸೈನ್ಯ ಬಂತು. ಬಂಗರಸರೂ ಸೇರಿದಂತೆ ಮುಂದಾಳುಗಳನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಕೆಲವರನ್ನು ಸಿಂಗಾಪುರಕ್ಕೆ ಗಡೀಪಾರು ಮಾಡಿದರು.

ಅದು ಸ್ವಾತಂತ್ರ್ಯ ಹೋರಾಟ ಅಂತ ನಾವು ಹೆಮ್ಮೆಪಡ್ತೇವೆ, ಪಡಬೇಕು. ಆದರೆ ನಾನು ಬೇರೆ ಒಂದು ವಿಷಯ ನೋಡಿ ಅಂತ ಹೇಳ್ತೇನೆ. ಕೂಟ ನಡೆದದ್ದು 1831ರಲ್ಲಿ, ಗಲ್ಲು ಬಿದ್ದದ್ದು 1837ರಲ್ಲಿ. ನಡುವೆ ಆರು ವರ್ಷ. ಅರ್ಜಿಗೆ ಬೆಲೆ ಕೊಡುವ ಸರ್ಕಾರ ಇದ್ದಿದ್ದರೆ ಕತ್ತಿಗೆ ಕೆಲಸ ಇರುತ್ತಿತ್ತಾ?

ಈಗ ನಮ್ಮ ಮನೆಯ ಕಥೆ. ನನ್ನ ಅಜ್ಜ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಚಾಲಗೇಣಿ ಒಕ್ಕಲು. ಮೂಲಗೇಣಿಯವರಿಗೆ ಸ್ವಲ್ಪ ಭದ್ರತೆ ಇತ್ತು. ಚಾಲಗೇಣಿಯವನನ್ನು ಧಣಿ ಯಾವಾಗ ಬೇಕಾದರೂ ಏಳಿಸಬಹುದಿತ್ತು. ಗೇಣಿ ಅಂದರೆ ಮುಡಿ ಅಕ್ಕಿ. ಬೈಹುಲ್ಲಲ್ಲಿ ಬಿಗಿಯಾಗಿ ಕಟ್ಟಿ, ತಲೆಮೇಲೆ ಹೊತ್ತು ಧಣಿಗಳ ಚಾವಡಿಗೆ ಮುಟ್ಟಿಸಬೇಕು. ಮಳೆ ಕೈಕೊಟ್ಟ ವರ್ಷವೂ ಮುಡಿಯ ಲೆಕ್ಕ ಕಡಿಮೆ ಆಗುವುದಿಲ್ಲ. ರಶೀದಿ ಕೇಳುವ ಧೈರ್ಯ ಯಾರಿಗಿತ್ತು? ಅಜ್ಜ ಚಾವಡಿಯ ಮೆಟ್ಟಿಲು ಹತ್ತಿದವರಲ್ಲ, ಅಂಗಳದಲ್ಲೇ ನಿಂತು ಮಾತಾಡಿ ಬರುತ್ತಿದ್ದರಂತೆ.

1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಕರ್ನಾಟಕ ಭೂ ಸುಧಾರಣಾ ಕಾಯ್ದೆ ಜಾರಿಗೆ ಬಂತು. ದೇವರಾಜ ಅರಸು ಮುಖ್ಯಮಂತ್ರಿ. ಗೇಣಿ ಪದ್ಧತಿಯೇ ರದ್ದು. ಉಳುವವನು ಫಾರಂ ನಂಬ್ರ 7ರಲ್ಲಿ ಅರ್ಜಿ ಹಾಕಬೇಕು. ತಾಲೂಕಿಗೊಂದು ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ನಾಲ್ವರು ಅಧಿಕಾರಿಗಳಲ್ಲದ ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಮೊದಲು ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ದುಡ್ಡಿದ್ದವನು ದೊಡ್ಡ ವಕೀಲರನ್ನು ಇಟ್ಟು ಬಡವನ ಬಾಯಿ ಮುಚ್ಚಿಸಬಾರದು ಅಂತ. ನಮ್ಮ ಜಿಲ್ಲೆಯಲ್ಲಿ ಇದಕ್ಕೆಲ್ಲ ಒಂದೇ ಹೆಸರು: ಡಿಕ್ಲರೇಶನ್. ಇವತ್ತಿಗೂ "ಅದು ಡಿಕ್ಲರೇಶನ್‌ನಲ್ಲಿ ಆದ ಜಾಗ" ಅಂತ ಹೇಳೋದು ಕೇಳ್ತೀರಿ.

ಅಜ್ಜನ ವಿಚಾರಣೆಯ ದಿನದ ಕಥೆಯನ್ನು ಅಜ್ಜಿ ನೂರು ಸಲ ಹೇಳಿದ್ದಾರೆ. ಕರೆದಾಗ ಅಜ್ಜ ಅಭ್ಯಾಸದಂತೆ ಬಾಗಿಲ ಹೊರಗೇ ನಿಂತರಂತೆ. ಮಂಡಳಿಯ ಒಬ್ಬ ಸದಸ್ಯರು "ಒಳಗೆ ಬನ್ನಿ, ಕೂತ್ಕೊಳ್ಳಿ" ಅಂದರಂತೆ. ಬೆಂಚು ಒಂದೇ. ಅದರ ಆ ತುದಿಯಲ್ಲಿ ಧಣಿ ಕೂತಿದ್ದರು. ಅಜ್ಜ ಈ ತುದಿಯಲ್ಲಿ ಅರ್ಧ ಕೂತು ಅರ್ಧ ನಿಂತು ಸಾಕ್ಷಿ ಹೇಳಿದರು. ರಶೀದಿ ಇಲ್ಲ, ಗೇಣಿ ಚೀಟು ಇಲ್ಲ. ಪಕ್ಕದ ಗದ್ದೆಯವರು ಬಂದು "ಹೌದು, ಉಳುವುದು ಇವರೇ" ಅಂದರು. ಅಷ್ಟೇ ದಾಖಲೆ. ಜಾಗ ಅಜ್ಜನ ಹೆಸರಿಗಾಯಿತು.

ಕರ್ನಾಟಕದಾದ್ಯಂತ ಸುಮಾರು ಎಂಟು ಲಕ್ಷ ಅರ್ಜಿ ಬಂದವು. ಜಿಲ್ಲೆಗಳ ಪೈಕಿ ಅತಿ ಹೆಚ್ಚು ಬಂದದ್ದು ನಮ್ಮ ದಕ್ಷಿಣ ಕನ್ನಡದಿಂದ. ಅರ್ಧಕ್ಕಿಂತ ಹೆಚ್ಚು ಅರ್ಜಿಗಳಿಗೆ ಜಾಗ ಸಿಕ್ಕಿತು. ಇದೇ ಜಮೀನಿನ ಪ್ರಶ್ನೆಗೆ ತೆಲಂಗಾಣದಲ್ಲಿ 1946ರಿಂದ 1951ರವರೆಗೆ ಬಂದೂಕು ಎತ್ತಬೇಕಾಯಿತು, ಸಾವಿರಾರು ಜನ ಸತ್ತರು. ಇಲ್ಲಿ ಎತ್ತಿದ್ದು ಅರ್ಜಿ. ಅದರ ಹಿಂದೆ ರೈತ ಸಂಘಟನೆಗಳ ವರ್ಷಗಟ್ಟಲೆ ಹೋರಾಟ ಇತ್ತು. ಕಮ್ಯುನಿಸ್ಟ್ ನಾಯಕ ಬಿ.ವಿ. ಕಕ್ಕಿಲ್ಲಾಯರಂಥವರು ಅದೇ 1970ರ ದಶಕದಲ್ಲಿ ಇದೇ ಬಂಟ್ವಾಳ ತಾಲೂಕಿನಿಂದ ಆರಿಸಿ ಹೋಗಿ ವಿಧಾನಸಭೆಯಲ್ಲಿ ಕೂತಿದ್ದರು. ಬೀದಿಯಲ್ಲಿ ಕೂಗಿದ ಮಾತನ್ನೇ ಸದನದಲ್ಲಿ ಹೇಳಲು ಜಾಗ ಇತ್ತು. 1831ರ ಕೂಟಕ್ಕೆ ಇಲ್ಲದೇ ಹೋದದ್ದು ಆ ಜಾಗವೇ.

ಎಲ್ಲವೂ ಚೆನ್ನಾಗಿಯೇ ನಡೆಯಿತು ಅಂತ ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. ಮಂಡಳಿಗಳು ಕೆಲಸ ಮಾಡಿದ ಒಂದಷ್ಟು ಕಾಲ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಭಯಕ್ಕೆ ಅರ್ಜಿ ಹಾಕದ ಒಕ್ಕಲುಗಳಿದ್ದರು. ಎರಡು ಎಕರೆ ಗೇಣಿಯನ್ನೇ ನಂಬಿದ್ದ ವಿಧವೆಯರು ರಾತ್ರೋರಾತ್ರಿ ಬರಿಗೈಯಾದದ್ದೂ ಉಂಟು. ನಮ್ಮ ನ್ಯೂಸ್‌ರೂಮಿನಲ್ಲೇ ಒಬ್ಬ ಸಹೋದ್ಯೋಗಿ ಇದ್ದಾರೆ, ಬೆಳ್ತಂಗಡಿ ಕಡೆಯವರು. "ನಿಮ್ಮಜ್ಜನಿಗೆ ಸಿಕ್ಕಿತು ಅಂತ ನೀವು ಹೇಳ್ತೀರಿ. ನಮ್ಮಜ್ಜಿಯ ಕೈಬಳೆ ಆ ವರ್ಷವೇ ಅಡವಿಗೆ ಹೋಯ್ತು" ಅಂತ ಒಮ್ಮೆ ಹೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಅವರೇ ಮಾತು ಮುಂದುವರಿಸಿದರು. "ನಮ್ಮವರು ಹೈಕೋರ್ಟಿಗೆ ರಿಟ್ ಹಾಕಿದರು, ಸೋತರು. ಆದರೆ ಊರು ಬಿಟ್ಟು ಓಡಬೇಕಾಗಲಿಲ್ಲ. ಕೋಲಕ್ಕೆ ಈಗಲೂ ಎರಡು ಮನೆಯವರೂ ಹೋಗ್ತೇವೆ." ಸೋತವನೂ ಅದೇ ಊರಿನಲ್ಲಿ ತಲೆಯೆತ್ತಿ ಬದುಕಬಹುದು ಅಂತಾದರೆ, ಶಾಂತಿ ಅನ್ನಲು ಅದಕ್ಕಿಂತ ಹೆಚ್ಚು ಏನು ಬೇಕು?

ಡಿಕ್ಲರೇಶನ್ ತಲುಪದ ಕಡೆಯೂ ಇತ್ತು. ಗೇಣಿಗೂ ಜಾಗ ಇಲ್ಲದ ಕೂಲಿಗಳು, ಕೊರಗರು, ಕಾಡಂಚಿನ ಮಲೆಕುಡಿಯರು. ಬೆಳ್ತಂಗಡಿ ತಾಲೂಕಿನ ಕುತ್ಲೂರು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಊರು. ರಸ್ತೆ ಇಲ್ಲ, ಕರೆಂಟ್ ಇಲ್ಲ, ಮೇಲಿಂದ ಒಕ್ಕಲೆಬ್ಬಿಸುವ ಭಯ. ಅರ್ಜಿ ಕೊಟ್ಟು ಕೊಟ್ಟು ಸಾಕಾದ ಕಡೆಗೆ ಬಂದೂಕು ಹಿಡಿದವರು ಬಂದರು. 2003ರ ನವೆಂಬರ್‌ನಲ್ಲಿ ಪಕ್ಕದ ಕಾರ್ಕಳ ತಾಲೂಕಿನ ಈದುವಿನಲ್ಲಿ ಎನ್‌ಕೌಂಟರ್ ನಡೆದು ಇಬ್ಬರು ಯುವತಿಯರು ಸತ್ತರು. ಆಮೇಲೆ ಇಪ್ಪತ್ತು ವರ್ಷ ಆ ಕಾಡು ನಕ್ಸಲರು ಮತ್ತು ಪೊಲೀಸರ ನಡುವೆ ಸಿಕ್ಕಿಬಿತ್ತು.

2012ರ ಮಾರ್ಚ್‌ನಲ್ಲಿ ಕುತ್ಲೂರಿನ ಒಬ್ಬ ಮಲೆಕುಡಿಯ ಯುವಕನನ್ನೂ ಅವನ ತಂದೆಯನ್ನೂ ಬಂಧಿಸಿದರು. ಆತ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. ಮನೆಯಲ್ಲಿ ಸಿಕ್ಕ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ ಇತ್ತು. ಊರಿಗೆ ಸೌಕರ್ಯ ಕೊಡುವ ತನಕ ಚುನಾವಣೆ ಬಹಿಷ್ಕರಿಸೋಣ ಎನ್ನುವ ಪತ್ರ ಇತ್ತು. ಕೈಕೋಳದಲ್ಲೇ ಪರೀಕ್ಷೆಗೆ ಕರೆತಂದ ಚಿತ್ರ ಪತ್ರಿಕೆಗಳಲ್ಲಿ ಬಂತು. ಒಂಬತ್ತು ವರ್ಷ ಕಳೆದು, 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಪುಸ್ತಕ ಇಟ್ಟುಕೊಳ್ಳುವುದು, ಊರಿಗೆ ಸೌಕರ್ಯ ಕೇಳುವುದು ಅಪರಾಧ ಅಲ್ಲ ಎಂಬುದು ತೀರ್ಪಿನ ತಿರುಳು. ಒಂಬತ್ತು ವರ್ಷ ಯಾರೂ ಹಿಂದೆ ಕೊಡುವುದಿಲ್ಲ. ಆದರೂ ಪೊಲೀಸರು ಹೇಳಿದ್ದೇ ಕೊನೆಯ ಮಾತಾಗದ ದೇಶ ಇದು ಅನ್ನೋದು ಸಣ್ಣ ಸಂಗತಿ ಅಲ್ಲ.

ಅದೇ ಕುತ್ಲೂರಿಗೆ 2024ರಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಅತ್ಯುತ್ತಮ ಪ್ರವಾಸಿ ಗ್ರಾಮ ಪ್ರಶಸ್ತಿ ಸಾಹಸ ಪ್ರವಾಸೋದ್ಯಮ ವಿಭಾಗದಲ್ಲಿ ಬಂತು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಮುಖ್ಯಮಂತ್ರಿಗಳ ಎದುರು ಶರಣಾದರು. ನಾಗರಿಕರೇ ಸೇರಿ ನಡುವೆ ಮಾತುಕತೆ ನಡೆಸಿದ್ದರು. ಆ ಆರು ಜನರಲ್ಲಿ ಒಬ್ಬರು ಕುತ್ಲೂರಿನ ಹೆಣ್ಣುಮಗಳು. ಆ ರಾತ್ರಿ ಸುದ್ದಿ ಓದುವಾಗ ನನಗೆ ಅನಿಸಿದ್ದಿಷ್ಟು. ಬೆಂಚಿನಲ್ಲಿ ಜಾಗ ಕೊಟ್ಟ ಕಡೆ ನನ್ನ ಅಜ್ಜ ಅರ್ಜಿ ಹಿಡಿದರು. ಜಾಗ ಸಿಗದ ಕಡೆ ಈಕೆ ಕಾಡಿಗೆ ಹೋದರು. ಎರಡೂ ನಮ್ಮ ಪಕ್ಕಪಕ್ಕದ ತಾಲೂಕು.

ಇನ್ನು ಬಂಟ್ವಾಳದ 2017. ಇದರಲ್ಲಿ ನನ್ನ ತಪ್ಪೂ ಇದೆ, ಹೇಳಿಯೇ ಮುಂದೆ ಹೋಗ್ತೇನೆ. ಮೇ ತಿಂಗಳ ಕೊನೆಯಲ್ಲಿ ಕಲ್ಲಡ್ಕದಲ್ಲಿ ಗಲಾಟೆ ಶುರುವಾಗಿ ತಾಲೂಕಿಗೆ ನಿಷೇಧಾಜ್ಞೆ ಬಂತು. ಎರಡು ವಾರಗಳ ಅಂತರದಲ್ಲಿ ಎರಡು ಸಮುದಾಯದ ಇಬ್ಬರ ಮೇಲೆ ದಾಳಿ ನಡೆಯಿತು, ಇಬ್ಬರೂ ಹೋದರು. ನಾನು ಸ್ಟುಡಿಯೋದಲ್ಲಿ ನಾಲ್ಕು ಕಿಟಕಿ ತೆರೆದು ನಾಲ್ವರನ್ನು ಕಿರುಚಾಡಿಸಿದೆ. ರಿಪೋರ್ಟರ್‌ಗೆ ಫೋನ್ ಮಾಡಿ "ಇನ್ನೂ ವಿಶುವಲ್ಸ್ ಬೇಕು" ಅಂದೆ. ಬಿ.ಸಿ. ರೋಡಿನಲ್ಲಿ ಇರಿತಕ್ಕೊಳಗಾದ ಲಾಂಡ್ರಿಯ ಹುಡುಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ಹತ್ತಿರದ ಒಬ್ಬ ಮುಸ್ಲಿಂ ಹಣ್ಣಿನ ವ್ಯಾಪಾರಿ. ಆ ಸುದ್ದಿಗೆ ನಾನು ಕೊಟ್ಟದ್ದು ನಲವತ್ತು ಸೆಕೆಂಡು. ಕಿರುಚಾಟಕ್ಕೆ ಕೊಟ್ಟದ್ದು ಒಂದು ಗಂಟೆ. ಅಮ್ಮ ಊರಿನಿಂದ ಫೋನ್ ಮಾಡಿ, "ನೀನು ಅಲ್ಲಿ ಬೊಬ್ಬೆ ಹಾಕ್ತಿ ಮಗಾ, ಇಲ್ಲಿ ಹಾಲು ತೆಕ್ಕೊಂಡು ಬರ್ಲಿಕ್ಕೆ ಜನ ಹೆದರ್ತಾರೆ" ಅಂದರು. ಅವತ್ತು ನಾಚಿಕೆಯಾಯಿತು. ಶಾಂತಿ ಸಭೆ ಅಂತ ತಹಶೀಲ್ದಾರರ ಕಚೇರಿಯಲ್ಲಿ ಕೂರುತ್ತಾರಲ್ಲ, ಅದನ್ನು ನಾವು ತಮಾಷೆ ಮಾಡ್ತೇವೆ. ಚಹಾ ಕುಡಿದು ಎದ್ದು ಹೋಗುವ ಸಭೆ ಅಂತ. ಆದರೆ ಎದುರೆದುರು ಕೂತು ಚಹಾ ಕುಡಿಯುವುದೂ ನಿಂತುಹೋದ ಊರು ಹೇಗಿರುತ್ತದೆ ಅನ್ನೋದು ಆ ಎರಡು ತಿಂಗಳಲ್ಲಿ ನಮಗೆ ಗೊತ್ತಾಯಿತು.

ಸರಿ, ಇಷ್ಟು ನಮ್ಮೂರಿನದ್ದಾಯಿತು. ಜಗತ್ತಿನ ಉಸಾಬರಿ ಯಾಕೆ?

1990ರ ಆಗಸ್ಟ್ 2 ನೆನಪಿಸಿಕೊಳ್ಳಿ. ಸದ್ದಾಂ ಹುಸೇನ್ ಎಂಬ ಒಬ್ಬ ಸರ್ವಾಧಿಕಾರಿ ಕುವೈತ್‌ಗೆ ನುಗ್ಗಿದ. ಅವನನ್ನು ತಡೆದು ಪ್ರಶ್ನೆ ಕೇಳುವ ಸಂಸತ್ತು ಇರಲಿಲ್ಲ, ಪತ್ರಿಕೆ ಇರಲಿಲ್ಲ. ಅವನ ಒಂದು ನಿರ್ಧಾರದಿಂದ 1.7 ಲಕ್ಷಕ್ಕೂ ಹೆಚ್ಚು ಭಾರತೀಯರು ಜೋರ್ಡಾನಿನ ಅಮ್ಮಾನ್ ಮೂಲಕ ಏರ್ ಇಂಡಿಯಾ ವಿಮಾನ ಹತ್ತಿ ಬರಿಗೈಯಲ್ಲಿ ಮನೆಗೆ ಬಂದರು. ಕರಾವಳಿಯಲ್ಲಿ ಎಷ್ಟು ಮನೆಗಳಿಗೆ ಬರುತ್ತಿದ್ದ ಡ್ರಾಫ್ಟ್ ನಿಂತಿತು, ಅರ್ಧ ಕಟ್ಟಿದ ಮನೆಗಳು ಎಷ್ಟು ವರ್ಷ ಹಾಗೇ ಪಾಚಿ ಹಿಡಿದವು, ಬಿ.ಸಿ. ರೋಡಿನ ನಮ್ಮ ವೀಕ್ಷಕರಿಗೆ ನಾನು ಹೇಳಬೇಕಾಗಿಲ್ಲ. ದೂರದ ಊರಲ್ಲಿ ಪ್ರಶ್ನೆ ಕೇಳುವವರಿಲ್ಲದಿದ್ದರೆ ನಮ್ಮೂರ ಒಲೆ ಆರುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಪಕ್ಕದ್ದೇ. ಶ್ರೀಲಂಕಾದಲ್ಲಿ 2022ರಲ್ಲಿ ಜನ ಬೀದಿಗಿಳಿದರು, ಅಧ್ಯಕ್ಷರು ದೇಶ ಬಿಟ್ಟು ಓಡಿದರು. ಆದರೂ ಸಂಸತ್ತು ಉಳಿಯಿತು. 2024ರ ಸೆಪ್ಟೆಂಬರ್‌ನಲ್ಲಿ ಜನ ಸಾಲಿನಲ್ಲಿ ನಿಂತು ಹೊಸ ಅಧ್ಯಕ್ಷರನ್ನು ಆರಿಸಿದರು. ಮ್ಯಾನ್ಮಾರ್‌ನಲ್ಲಿ ವೋಟಿಗೆ ಬೆಲೆ ಸಿಗಲಿಲ್ಲ, ಹುಡುಗರು ಬಂದೂಕು ಹಿಡಿದರು. 1974 ಮತ್ತು 1837ರ ವ್ಯತ್ಯಾಸವೇ ಇದು, ದೇಶ ಬೇರೆ ಅಷ್ಟೆ.

ಹಾಗಂತ ಪ್ರಜಾಪ್ರಭುತ್ವವನ್ನು ಬಾಂಬರ್ ವಿಮಾನದಲ್ಲಿ ಹೊತ್ತು ಹಾಕಲು ಆಗುವುದಿಲ್ಲ. 2003ರಲ್ಲಿ ಇರಾಕಿಗೆ ಹಾಗೆ ತಂದು ಹಾಕಿದ್ದು ಏನಾಯಿತು ಅಂತ ಜಗತ್ತೇ ನೋಡಿದೆ. ನನಗೆ ಇಷ್ಟವಾಗುವ ದಾರಿ ಬೇರೆ. ಅದು ಮೈಸೂರಿನಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆ 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಹಚ್ಚುವ ಶಾಯಿ ಕೊಡ್ತಾ ಬಂದಿದೆ. ಅದೇ ಶಾಯಿ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳ ಚುನಾವಣೆಗೆ ಹೋಗಿದೆ. ಹೆಸರು ಕೇಳದ ಊರಿನ ಯಾರೋ ಹೆಂಗಸು, ಮೊದಲ ಸಲ ವೋಟು ಹಾಕಿ ಬೆರಳು ನೋಡಿಕೊಳ್ಳುವಾಗ ಅಲ್ಲಿರುವುದು ಮೈಸೂರಿನ ಶಾಯಿ. ಪ್ರಜಾಪ್ರಭುತ್ವ ಬೆಳೆಸುವುದು ಅಂದರೆ ನನ್ನ ಮಟ್ಟಿಗೆ ಇದು. ಕೇಳಿದವರಿಗೆ ಶಾಯಿ ಕೊಡುವುದು, ಅನುಭವ ಹೇಳುವುದು, ಅಲ್ಲಿ ವೋಟು ಕಸಿದಾಗ ಇಲ್ಲಿಂದ ತಪ್ಪು ಅನ್ನುವುದು. ಹಾಗನ್ನುವ ಯೋಗ್ಯತೆ ಬರಬೇಕಾದರೆ ನಮ್ಮ ಮನೆ ನೆಟ್ಟಗಿರಬೇಕು.

ಹೋದ ಸಲ ಊರಿಗೆ ಹೋದಾಗ ಅಜ್ಜನ ಕಬ್ಬಿಣದ ಪೆಟ್ಟಿಗೆ ತೆಗೆದೆ. ನ್ಯಾಯಮಂಡಳಿಯ ಆದೇಶ ಅದರಲ್ಲಿದೆ. ಮಡಿಕೆ ಹರಿದಿದೆ, ಸೀಲು ಮಾಸಿದೆ. ಕೆಳಗೆ ಅಜ್ಜನ ಹೆಬ್ಬೆಟ್ಟು. ಸಹಿ ಹಾಕಲು ಬರುತ್ತಿರಲಿಲ್ಲ ಅವರಿಗೆ. ಅಕ್ಷರ ಬರದ ಒಬ್ಬ ಒಕ್ಕಲಿನ ಮಾತನ್ನು ಸರ್ಕಾರ ಬರೆದುಕೊಂಡ ಕಾಗದ ಅದು. ಭೂಮಿಯ ಮೇಲೆ ಇವತ್ತಿಗೂ ಕೋಟ್ಯಂತರ ಜನರ ಪೆಟ್ಟಿಗೆಯಲ್ಲಿ ಅಂಥ ಒಂದು ಕಾಗದ ಇಲ್ಲ.

ಬಿ.ಸಿ. ರೋಡಿನ ಸ್ವಾಮಿಗಳೇ, ನಿಮ್ಮ ರಸ್ತೆ ಗುಂಡಿಯ ವಿಷಯ ಮರೆತಿಲ್ಲ. ಮುಂದಿನ ಗ್ರಾಮಸಭೆಗೆ ಅಥವಾ ವಾರ್ಡ್ ಸಭೆಗೆ ಹೋಗಿ, ಎದ್ದು ನಿಂತು ಕೇಳಿ. ಅರ್ಜಿಯ ಮೇಲೆ ನಂಬ್ರ ಹಾಕಿಸಿಕೊಳ್ಳಿ. ಅವರು ಕೇಳದಿದ್ದರೆ ನನಗೆ ಫೋನ್ ಮಾಡಿ. ಈ ಸಲ ಬ್ರೇಕ್ ತೆಗೆದುಕೊಳ್ಳುವುದಿಲ್ಲ.